ನಮ್ಮ ಹೊಂಡದಲ್ಲಿ ಏಡಿ ಸಾಕಬಹುದೇ?

ಗದ್ದೆಯ ಬದುವಿನಲ್ಲಿ ಏಡಿ ಸಿಗುತ್ತದೆ, ಕರಾವಳಿಯಲ್ಲಿ ಏಡಿಗೆ ಒಳ್ಳೆಯ ಬೆಲೆ ಇದೆ. ಹಾಗಾದರೆ ಹೊಂಡದಲ್ಲಿ ಏಡಿ ಬೆಳೆಸಿ ಹಾಲಿನ ಜೊತೆಗೆ ಮತ್ತೊಂದು ಆದಾಯ ಮಾಡಬಾರದೇಕೆ ಎಂಬ ಯೋಚನೆ ಸದಸ್ಯರಿಗೆ ಬರುವುದು ಸಹಜ. ಸಾಲ ಮಾಡುವ ಮೊದಲು, ಈ ಎರಡೂ ಒಂದೇ ಜಾತಿಯ ಏಡಿಯಲ್ಲವೆಂಬುದನ್ನು ತಿಳಿಯಬೇಕು.

ಬೆಲೆ ಬರುವುದು ಕೆಸರು ಏಡಿಗೆ. ಕುಮಟಾದ ಅಘನಾಶಿನಿ, ಹೊನ್ನಾವರದ ಶರಾವತಿ ಸಮುದ್ರ ಸೇರುವಲ್ಲಿನ ಉಪ್ಪುಮಿಶ್ರಿತ ನೀರು ಇದರ ನೆಲೆ. ಮರಿ ಮಾಡಲು ಹೆಣ್ಣು ಏಡಿ ಸಮುದ್ರಕ್ಕೇ ಹೋಗುತ್ತದೆ. ಹತ್ತು ಲಕ್ಷಕ್ಕೂ ಮೀರಿ ಮೊಟ್ಟೆ ಇಡಬಲ್ಲದಾದರೂ, ಒಡೆದು ಬಂದ ಮರಿ ಏಡಿಯ ರೂಪ ತಾಳಲು ಸುಮಾರು ಒಂದು ತಿಂಗಳು ಉಪ್ಪುನೀರಿನಲ್ಲೇ ಬೆಳೆಯಬೇಕು. ಬಹುಪಾಲು ಸಾಯುತ್ತವೆ. ಬದುಕಿದವು ಚಿಪ್ಪು ಕಳಚಿದಾಗ ಮೈ ಮೆತ್ತಗಾಗಿ, ಜೊತೆಯ ಏಡಿಗಳ ಬಾಯಿಗೆ ಬೀಳುತ್ತವೆ. ಕರಾವಳಿಯಲ್ಲಿ ಮಾಂಸ ತುಂಬದ ದೊಡ್ಡ ಏಡಿಯನ್ನು ಕೆಲವು ವಾರ ಮೇಯಿಸಿ ಮಾರುವುದೂ ಉಂಟು.

ಗಂಗಾವತಿ ಭಾಗದ ಸವಳು ಭೂಮಿಯ ನೀರೂ ಉಪ್ಪಲ್ಲವೇ ಎನ್ನಬಹುದು. ಅದರ ಲವಣಗಳೇ ಬೇರೆ. ಹೊಂಡಕ್ಕೆ ಉಪ್ಪು ಸುರಿದರೆ ಪಕ್ಕದವರ ಭತ್ತವೂ ಕೆಟ್ಟೀತು!

ಗದ್ದೆ ಏಡಿ ಸಿಹಿನೀರಿನದು. ಇದರ ಮೊಟ್ಟೆ ತಾಯಿಯ ಹೊಟ್ಟೆಯಡಿಯಲ್ಲೇ ಒಡೆದು, ಪುಟ್ಟ ಏಡಿಗಳೇ ಹೊರಬರುತ್ತವೆ. ಆದರೆ ಮರಿಗಳ ಸಂಖ್ಯೆ ಕಡಿಮೆ, ಗಾತ್ರವೂ ಸಣ್ಣದು. ಮೇಲಾಗಿ ಒಡ್ಡು ಕೊರೆದು ನೀರು ಸೋರಿಸುತ್ತದೆ. ಔಷಧ ಸಿಂಪಡಿಸಿದ ಗದ್ದೆಯ ಏಡಿಯನ್ನು ತಿನ್ನಲೂ ಬಾರದು.

ದನ ಕಟ್ಟಿದವರ ಹೊಂಡಕ್ಕೆ ಹೊಂದುವುದು ಕಾಟ್ಲಾ, ರೋಹು, ಮೃಗಾಲ ಮೀನು. ಸಗಣಿ ಹಾಕಿದ ನೀರಿನಲ್ಲಿ ಬೆಳೆಯುವ ಸೂಕ್ಷ್ಮ ಜೀವಿಗಳೇ ಇವುಗಳ ಆಹಾರ. ಐದು ಅಡಿ ನೀರು ನಿಲ್ಲುವ ಒಂದು ಎಕರೆ ಹೊಂಡಕ್ಕೆ ಬೆರಳುದ್ದದ 2,000 ಮರಿ ಸಾಕು. ಶೇಂಗಾ ಹಿಂಡಿ, ಅಕ್ಕಿ ತೌಡು ಸಮನಾಗಿ ಬೆರೆಸಿ ಕೊಡಬೇಕು. ತೌಡಿಗೆ ಗಂಗಾವತಿಯ ಅಕ್ಕಿ ಗಿರಣಿಗಳಿವೆ. ಹಿಂಡಿಯನ್ನು ಮಾತ್ರ ಎಮ್ಮೆಯ ಪಾಲಿನಿಂದ ಕದಿಯಬೇಡಿರಿ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ನೀರಿನಲ್ಲಿ ಪ್ರಾಣವಾಯು ಸಾಲದೆಂದು ತಿಳಿದು, ಸಗಣಿ ನಿಲ್ಲಿಸಿ ಹೊಸ ನೀರು ಬಿಡಬೇಕು.

ತುಂಗಭದ್ರಾ ಎಡದಂಡೆ ಕಾಲುವೆ ನಂಬಿದವರು ಬೇಸಿಗೆಯಲ್ಲಿ ನೀರು ನಿಲ್ಲುವ ಮೊದಲೇ ಮೀನು ಹಿಡಿಯಬೇಕು. ಕುಷ್ಟಗಿ, ಯಲಬುರ್ಗಾ ಕಡೆಯ ಮಳೆಯಾಶ್ರಿತ ಕೃಷಿ ಹೊಂಡದವರು ನೀರು ಎಷ್ಟು ತಿಂಗಳು ನಿಲ್ಲುತ್ತದೆಂದು ಒಂದು ವರ್ಷ ಗುರುತು ಹಾಕಿ ನೋಡಲಿ. ಎಂಟು ತಿಂಗಳು ನಿಂತರೆ, ಮುಂದಿನ ಮಳೆಗಾಲಕ್ಕೆ ಮೀನುಗಾರಿಕೆ ಇಲಾಖೆಯವರಲ್ಲಿ ಮರಿ ಕೇಳಬಹುದು.