ಆರೋಗ್ಯ ಪ್ರಶ್ನೋತ್ತರ: 66ರಲ್ಲಿ ಕನ್ಯಾಕುಮಾರಿಗೆ ಹೊರಟವರಿಗೆ

ಪ್ರಶ್ನೆ: ನನಗೆ 64 ವರ್ಷ, ಊರು ಮಟ್ಟು. ಶುಗರ್ ಇದೆ, ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಮಾತ್ರೆ, ರಾತ್ರಿಗೆ ಇನ್ಸುಲಿನ್. ಬಿಪಿಗೆ ಮೆಟೊಪ್ರೊಲಾಲ್. ಷಿಕಾಗೋದಲ್ಲಿರುವ ಮಗ ಅಲ್ಲಿನ ರೂಟ್ 66ರಲ್ಲಿ ಎರಡು ವಾರ ಕಾರು ಓಡಿಸಿ ಬಂದವನು. ಡಿಸೆಂಬರಿನಲ್ಲಿ ಊರಿಗೆ ಬಂದ ಮರುದಿನವೇ ‘ನಮ್ಮ 66’ರಲ್ಲಿ ಕನ್ಯಾಕುಮಾರಿಗೆ ಹೋಗೋಣ, ನಸುಕಿಗೆ ಹೊರಟರೆ ರಾತ್ರಿಗೆ ಮುಟ್ಟಬಹುದು ಎನ್ನುತ್ತಾನೆ. ನಡುನಡುವೆ ನಾನೂ ಓಡಿಸುವವನೇ. ಯಾವ ಯಾವ ಮಾತ್ರೆ ಕಟ್ಟಿಕೊಳ್ಳಬೇಕು?

ಉತ್ತರ: ಮಾತ್ರೆಯ ವಿಷಯ ಆಮೇಲೆ. ಮೊದಲು ಹೊರಡುವ ದಿನ ಬದಲಿಸಿ.

ಡಿಸೆಂಬರಿನಲ್ಲಿ ಷಿಕಾಗೋ ನಮಗಿಂತ ಹನ್ನೊಂದೂವರೆ ಗಂಟೆ ಹಿಂದೆ. ಮಧ್ಯಾಹ್ನ ಎರಡಕ್ಕೆ ನೀವು ಕಣ್ಣೂರು ದಾಟುತ್ತಿದ್ದರೆ ಮಗನ ದೇಹದ ಗಡಿಯಾರದಲ್ಲಿ ನಡುರಾತ್ರಿ ಎರಡೂವರೆ. ಹೊಟ್ಟೆಯಲ್ಲಿ ಊಟ, ಕಾರಿನಲ್ಲಿ ಎಸಿ. ಕಣ್ಣು ತೆರೆದಂತೆಯೇ ಕೆಲವು ಸೆಕೆಂಡು ನಿದ್ದೆ ಹೋಗುವುದುಂಟು, ಹೋದದ್ದು ಅವನಿಗೇ ತಿಳಿಯದು. ಗಾಜು ಇಳಿಸುವುದು, ಹಾಡು ಜೋರು ಮಾಡುವುದು ಇದಕ್ಕೆ ಮದ್ದಲ್ಲ. ಬದಿಗೆ ನಿಲ್ಲಿಸಿ ಒಂದು ಕಾಫಿ ಕುಡಿದು ಇಪ್ಪತ್ತು ನಿಮಿಷ ಮಲಗಿದರೆ ಸ್ವಲ್ಪ ಹೊತ್ತಿಗೆ ಸಾಕಾಗಬಹುದು, ಇಡೀ ದಿನಕ್ಕೆ ಅಲ್ಲ. ಬಂದವನು ಒಂದು ವಾರ ಮನೆಯಲ್ಲಿ ಸರಿಯಾಗಿ ನಿದ್ದೆ ಮಾಡಲಿ. ಬಲಬದಿಯಲ್ಲಿ ಓಡಿಸಿ ರೂಢಿಯಾದ ಕೈ ಎಡಬದಿಗೆ ಮರಳಲೂ ನಾಲ್ಕು ದಿನ ಬೇಕು.

ಇನ್ನು ದೂರ. 1926ರಲ್ಲಿ ಹುಟ್ಟಿದ ರೂಟ್ 66 ಷಿಕಾಗೋದಿಂದ ಸಾಂಟಾ ಮೋನಿಕಾವರೆಗೆ ಸುಮಾರು 3,900 ಕಿ.ಮೀ. ಎರಡು ವಾರ ಎಂದರೆ ದಿನಕ್ಕೆ 280 ಆಯಿತು. ಅಲ್ಲಿ ಅಷ್ಟು ಸಾವಧಾನವಾಗಿ ಹೋದವನಿಗೆ ಇಲ್ಲಿ ಒಂದೇ ದಿನಕ್ಕೆ 700 ಕಿ.ಮೀ.ಗೂ ಹೆಚ್ಚು ಓಡಿಸುವ ಅವಸರ ಏಕೆ? ನಮ್ಮ ರಾಷ್ಟ್ರೀಯ ಹೆದ್ದಾರಿ 66 (2010ರ ಮೊದಲು ನಮ್ಮ ಕಡೆ ಇದು 17, ನನ್ನ ಬಾಯಿಗೆ ಈಗಲೂ ಅದೇ ಬರುತ್ತದೆ) ಪನ್ವೇಲ್‌ನಿಂದ ಕನ್ಯಾಕುಮಾರಿವರೆಗೆ ಊರೂರಿನ ನಡುವೆಯೇ ಹಾದುಹೋಗುವ ದಾರಿ. ಕಾಮಗಾರಿ ಇರುವಲ್ಲಿ ಗಂಟೆಗಟ್ಟಲೆ ನಿಲ್ಲಬೇಕಾಗಬಹುದು. ಕಟಪಾಡಿಯಲ್ಲಿ ಹೆದ್ದಾರಿ ಹತ್ತಿ, ಮೊದಲ ರಾತ್ರಿ ಕೋಝಿಕ್ಕೋಡ್, ಎರಡನೆಯದು ಆಲಪ್ಪುಳ, ಮೂರನೆಯ ಸಂಜೆ ಕನ್ಯಾಕುಮಾರಿ ಎಂದು ಇಟ್ಟುಕೊಳ್ಳಿ. ಕತ್ತಲಾದ ಮೇಲೆ ಓಡಿಸುವುದು ಬೇಡ.

ಈಗ ನಿಮ್ಮ ಶುಗರ್. ಪ್ರಯಾಣದಲ್ಲಿ ಎಲ್ಲರಿಗೂ ಅದು ಏರುವ ಭಯ. ಸ್ಟಿಯರಿಂಗ್ ಹಿಡಿದವನಿಗೆ ಅಪಾಯ ಇಳಿಯುವುದರಲ್ಲಿ. ಗ್ಲಿಮೆಪಿರೈಡ್ ನುಂಗಿ, ‘ಮುಂದಿನ ಹೋಟೆಲಿನಲ್ಲಿ ಉಣ್ಣೋಣ’ ಎಂದು ಹೊರಟು ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದರೆ ಸಕ್ಕರೆ ಕುಸಿಯುತ್ತದೆ. ಆದ್ದರಿಂದ ಎಲೆ ಮುಂದೆ ಬಂದ ಮೇಲೆಯೇ ಮಾತ್ರೆ. ಮೆಟೊಪ್ರೊಲಾಲ್ ತೆಗೆದುಕೊಳ್ಳುವವರಿಗೆ ಸಕ್ಕರೆ ಇಳಿದಾಗಿನ ಎದೆಬಡಿತ, ಕೈನಡುಕ ಅಷ್ಟಾಗಿ ಗೊತ್ತಾಗುವುದಿಲ್ಲ. ಬೆವರೊಂದೇ ಸುಳಿವು ಕೊಡಬಹುದು. ಕರಾವಳಿಯಲ್ಲಿ ಬೆವರನ್ನು ಯಾರು ಲೆಕ್ಕಕ್ಕಿಡುತ್ತಾರೆ? ಹಾಗಾಗಿ ಗ್ಲುಕೋಮೀಟರ್ ಜೊತೆಗಿರಲಿ. ಓಡಿಸುವ ಮೊದಲು ಒಮ್ಮೆ, ಆಮೇಲೆ ಎರಡೆರಡು ಗಂಟೆಗೆ ನೋಡಿಕೊಳ್ಳಿ. 90ಕ್ಕಿಂತ ಕಡಿಮೆಯಿದ್ದರೆ ಏನಾದರೂ ತಿನ್ನದೆ ಸೀಟಿನಲ್ಲಿ ಕೂರಬೇಡಿ. 70ಕ್ಕಿಂತ ಕೆಳಗಿಳಿದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿದು, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಸರಿಯಾದ ಮೇಲೂ ಮುಕ್ಕಾಲು ಗಂಟೆ ಓಡಿಸಬಾರದು. ಚಾಕಲೇಟು ಬೇಡ, ಅದರ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ನನ್ನನ್ನು ಕೇಳಿದರೆ, ಮಗ ಚೆನ್ನಾಗಿ ನಿದ್ದೆ ಮಾಡಿದ್ದರೆ ನೀವು ಪಕ್ಕದಲ್ಲಿ ಕೂತು ಸಮುದ್ರ ನೋಡುವುದೇ ಲೇಸು.

ಬಳಕೆಯಲ್ಲಿರುವ ಇನ್ಸುಲಿನ್ 30 ಡಿಗ್ರಿಯೊಳಗಿದ್ದರೆ ಸಾಮಾನ್ಯವಾಗಿ ನಾಲ್ಕು ವಾರ ಕೆಡುವುದಿಲ್ಲ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಸಿ ಅದಕ್ಕಿಂತ ಎಷ್ಟೋ ಮೇಲೆ ಹೋಗುತ್ತದೆ. ಊಟಕ್ಕೆ ಇಳಿದಾಗ ಅದೂ ನಿಮ್ಮೊಡನೆ ಇಳಿಯಲಿ. ಐಸಿನ ಮೇಲೆ ನೇರ ಇಡಬೇಡಿ, ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು. ನಿಮ್ಮ ಮಾತ್ರೆಗಳನ್ನು ಎರಡು ಪೊಟ್ಟಣ ಮಾಡಿ ಬೇರೆ ಬೇರೆ ಚೀಲದಲ್ಲಿ ಇಡಿ, ಹೊಸದೇನೂ ಬೇಡ.

ಪ್ರಶ್ನೆ: (ಅದೇ ಪತ್ರದ ಕೊನೆಯಲ್ಲಿ, ಬೇರೆ ಕೈಬರಹದಲ್ಲಿ) ಡಾಕ್ಟ್ರೇ, ನನಗೆ 60. ಕಾಲಲ್ಲಿ ನರ ಉಬ್ಬಿದೆ. ದಾರಿಯಲ್ಲಿ ಶೌಚಾಲಯದ ಕಷ್ಟ ಅಂತ ನೀರು ಕುಡಿಯುವುದಿಲ್ಲ, ಬಿಪಿಯ ನೀರಿನ ಮಾತ್ರೆಯನ್ನೂ ಆ ದಿನ ಬಿಡುತ್ತೇನೆ. ಮನೆಗೆ ಬಂದ ಮೇಲೆ ಉರಿಮೂತ್ರ.

ಉತ್ತರ: ಅಮ್ಮ, ಕಾರಿನಲ್ಲಿ ಮೊದಲು ವಿಚಾರಿಸಬೇಕಾಗಿದ್ದದ್ದು ನಿಮ್ಮನ್ನೇ. ಈ ತೊಂದರೆ ಹೇಳದ ಹೆಂಗಸರು ಕಡಿಮೆ. ನೀರು ಬಿಟ್ಟು, ಮೂತ್ರ ಕಟ್ಟಿಕೊಂಡು ಕೂತರೆ ಸೋಂಕಿಗೆ ದಾರಿ. ಗಂಟೆಗೊಮ್ಮೆ ನಾಲ್ಕು ಗುಟುಕು ಕುಡಿಯಿರಿ. ಎರಡು ಗಂಟೆಗೊಮ್ಮೆ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಲೇಬೇಕೆಂದು ಹೊರಡುವ ಮೊದಲೇ ಮಗನಿಗೆ ಹೇಳಿಡಿ. ನೀರಿನ ಮಾತ್ರೆ ನೀವಾಗಿ ಬಿಡಬೇಡಿ. ರೂಮು ಸೇರಿದ ಮೇಲೆ ಸಂಜೆಗೆ ತೆಗೆದುಕೊಳ್ಳಬಹುದೇ ಎಂದು ಅದನ್ನು ಬರೆದುಕೊಟ್ಟ ಡಾಕ್ಟರನ್ನೇ ಕೇಳಿ.

ಆ ನಿಲುಗಡೆ ಕಾಲಿಗೂ ಬೇಕು. ನಾಲ್ಕು ಗಂಟೆಗೂ ಹೆಚ್ಚು ಕದಲದೆ ಕೂತರೆ ಮೀನಖಂಡದ ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಇದೆ. ಉಬ್ಬಿದ ನರ ಇರುವವರಿಗೆ ಸ್ವಲ್ಪ ಹೆಚ್ಚು. ಇಳಿದಾಗಲೆಲ್ಲ ಐದು ನಿಮಿಷ ನಡೆಯಿರಿ, ಕೂತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಿ. ಬಿಗಿ ಕಾಲುಚೀಲವನ್ನು ವೈದ್ಯರಿಗೆ ಕಾಲು ತೋರಿಸಿದ ಮೇಲೆಯೇ ಕೊಳ್ಳಿ. ಯಾರೋ ಹೇಳಿದರೆಂದು ಆಸ್ಪಿರಿನ್ ನುಂಗಬೇಡಿ. ಒಂದೇ ಕಾಲು ಊದಿ ನೋಯತೊಡಗಿದರೆ ಅಂದೇ ಆಸ್ಪತ್ರೆಗೆ ಹೋಗಿ. ಇದ್ದಕ್ಕಿದ್ದಂತೆ ಏದುಸಿರು ಬಂದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಕೇರಳ, ತಮಿಳುನಾಡಿನಲ್ಲೂ ಅದೇ ನಂಬರು.

ಬುತ್ತಿ ಕಟ್ಟುವುದಾದರೆ ತೆಂಗಿನಕಾಯಿ ಚಟ್ನಿ ಬೇಡ, ಮಧ್ಯಾಹ್ನದೊಳಗೆ ಹಳಸುತ್ತದೆ.

ಪ್ರಶ್ನೆ: ಐದು ವರ್ಷದ ಮೊಮ್ಮಗಳಿಗೆ ಕಾರು ಹತ್ತಿದರೆ ವಾಂತಿ. ಆಗುಂಬೆ ಘಾಟಿಯಂತೂ ಆಗುವುದೇ ಇಲ್ಲ. (ಮಣಿಪಾಲ)

ಉತ್ತರ: ಹಿಂದಿನ ಸೀಟಿನ ನಡುವೆ, ಅವಳ ಅಳತೆಯ ಮಕ್ಕಳ ಸೀಟಿನಲ್ಲಿ, ಎದುರಿನ ದಾರಿ ಕಾಣುವಂತೆ ಕೂರಿಸಿ ಬೆಲ್ಟು ಹಾಕಿ. ಕೈಯಿಂದ ಮೊಬೈಲ್ ತೆಗೆಯಿರಿ. ಅರ್ಧ ಕಾಯಿಲೆ ಅದರಲ್ಲೇ ಇದೆ. ಖಾಲಿ ಹೊಟ್ಟೆಯೂ ಬೇಡ, ಮಸಾಲೆದೋಸೆಯೂ ಬೇಡ. ಪ್ರೊಮೆಥಜೀನ್ ಮಾತ್ರೆಯನ್ನು ತೂಕ, ವಯಸ್ಸು ನೋಡಿ ಮಕ್ಕಳ ಡಾಕ್ಟರೇ ಕೊಡಬೇಕು. ಕೊಟ್ಟರೆ ಹೊರಡುವ ಒಂದು ಗಂಟೆ ಮೊದಲು ಹಾಕಿ. ವಾಂತಿ ಶುರುವಾದ ಮೇಲೆ ಕೊಟ್ಟು ಪ್ರಯೋಜನವಿಲ್ಲ. ಅದೇ ಮಾತ್ರೆಯಲ್ಲಿ ಅರ್ಧ ಮುರಿದು ಕಾರು ಓಡಿಸುವ ಅಜ್ಜ ನುಂಗುವಂತಿಲ್ಲ, ಅದರಿಂದ ಚೆನ್ನಾಗಿ ನಿದ್ದೆ ಬರುತ್ತದೆ.