ಪ್ಲಾಸ್ಟರ್ ಬಿಚ್ಚಿದರೆ ಮುಗಿಯಲಿಲ್ಲ



ಮಳೆಗಾಲ ಬಂತೆಂದರೆ ನಮ್ಮ ಅಂಗಳ, ಬಾವಿಕಟ್ಟೆ, ಬಚ್ಚಲ ಬದಿ ಎಲ್ಲವೂ ಪಾಚಿ ಕಟ್ಟುತ್ತದೆ. ಕಾಲು ಜಾರಿದಾಗ ನಾವು ಗೊತ್ತಿಲ್ಲದೆಯೇ ಕೈ ಊರುತ್ತೇವೆ. ಮೈಭಾರವೆಲ್ಲ ಆ ಕೈಮೇಲೆ ಬಿದ್ದು ಮಣಿಕಟ್ಟಿನ ಎಲುಬು ಮುರಿಯುತ್ತದೆ. ಮುಟ್ಟು ನಿಂತ ಮೇಲೆ ಎಲುಬಿನ ಗಟ್ಟಿತನ ಕಡಿಮೆಯಾಗುವುದರಿಂದ 50 ದಾಟಿದ ಮಹಿಳೆಯರಿಗೆ ಈ ಅಪಾಯ ಹೆಚ್ಚು.

ನಮ್ಮ ನಡುವಿನ ಒಬ್ಬ ಅಕ್ಕನಿಗೆ ಹೀಗೇ ಆಯಿತು. ಬೀಡಿ ಕಟ್ಟಿ ಸಂಸಾರ ನಡೆಸುವವರು. ಆರು ವಾರ ಪ್ಲಾಸ್ಟರ್ ಹಾಕಿದ್ದರು. 'ಅಲ್ಲಾಡಿಸಿದ್ರೆ ಮತ್ತೆ ಮುರಿದೀತು' ಎಂಬ ಹೆದರಿಕೆಯಿಂದ ಬೆರಳನ್ನೂ ಮಡಚಲಿಲ್ಲ. ಪ್ಲಾಸ್ಟರ್ ಬಿಚ್ಚಿದಾಗ ಎಲುಬೇನೋ ಕೂಡಿತ್ತು. ಆದರೆ ಮುಷ್ಟಿ ಕಟ್ಟಲು ಬರಲಿಲ್ಲ, ಎಲೆ ಕತ್ತರಿಸಲು ಕತ್ತರಿ ಹಿಡಿಯಲು ಆಗಲಿಲ್ಲ. ದುಡಿಮೆ ನಿಂತಿತು, ಸಾಲದ ಕಂತು ಬಾಕಿಯಾಯಿತು. ಆಮೇಲೆ ಫಿಸಿಯೋಥೆರಪಿಗೆ ಹೋದರು. ತಿಂಗಳುಗಟ್ಟಲೆ ವ್ಯಾಯಾಮ ಮಾಡಿದ ನಂತರ ಮತ್ತೆ ಬೀಡಿ ಕಟ್ಟತೊಡಗಿದರು. 'ಮೊದಲಿನಷ್ಟು ಬೇಗ ಆಗೋದಿಲ್ಲ, ಆದ್ರೆ ಆಗುತ್ತೆ' ಅನ್ನುತ್ತಾರೆ.

ಫಿಸಿಯೋಥೆರಪಿ ಎಂದರೇನು?

ವ್ಯಾಯಾಮ, ಶಾಖ, ಕೈಯಿಂದ ಮಾಡುವ ಚಿಕಿತ್ಸೆಗಳ ಮೂಲಕ ಕೀಲು ಮತ್ತು ಸ್ನಾಯುಗಳಿಗೆ ಶಕ್ತಿ ತರುವ ವಿಧಾನವೇ ಫಿಸಿಯೋಥೆರಪಿ ಅಥವಾ ಭೌತಚಿಕಿತ್ಸೆ. ಎಲುಬು ಕೂಡುವ ತನಕ ಅದನ್ನು ಅಲುಗದಂತೆ ಹಿಡಿದಿಡುವುದು ಪ್ಲಾಸ್ಟರಿನ ಕೆಲಸ. ಆದರೆ ವಾರಗಟ್ಟಲೆ ಅಲುಗದೆ ಇದ್ದ ಕೀಲು ಬಿಗಿಯುತ್ತದೆ, ಸ್ನಾಯು ಸೊರಗುತ್ತದೆ. ಅವನ್ನು ಮತ್ತೆ ಕೆಲಸಕ್ಕೆ ತರುವುದು ವ್ಯಾಯಾಮ ಮಾತ್ರ. ಇದು ಎಣ್ಣೆ ಹಚ್ಚಿ ತಿಕ್ಕುವ ಕೆಲಸವಲ್ಲ. ಹೊಸದಾಗಿ ಮುರಿದ ಜಾಗವನ್ನು ತಿಕ್ಕಿದರೆ, ಬಿಗಿಯಾಗಿ ಕಟ್ಟಿದರೆ ಕೈಗೇ ಅಪಾಯ.

ಪ್ಲಾಸ್ಟರ್ ಇರುವಾಗ

1. ವೈದ್ಯರು ಬೇಡವೆನ್ನದಿದ್ದರೆ ಮೊದಲ ದಿನದಿಂದಲೇ ಬೆರಳುಗಳನ್ನು ಪೂರ್ತಿ ಮಡಚಿ ಬಿಡಿಸಬೇಕು. ಮೊಣಕೈ, ಭುಜವನ್ನೂ ಆಡಿಸಬೇಕು.
2. ಬಾವು ಇಳಿಯಲು ಕೈಯನ್ನು ಎದೆಗಿಂತ ಎತ್ತರದಲ್ಲಿ ಇಡಬೇಕು.
3. ಬೆರಳು ನೀಲಿಯಾದರೆ, ತಣ್ಣಗಾದರೆ, ಜೋಮು ಹಿಡಿದರೆ, ನೋವು ಏರುತ್ತಲೇ ಇದ್ದರೆ ನಾಳೆ ನೋಡೋಣ ಅನ್ನಬಾರದು. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಪ್ಲಾಸ್ಟರ್ ಬಿಚ್ಚಿದ ಮೇಲೆ

ವೈದ್ಯರು 'ಇನ್ನು ಆಡಿಸಬಹುದು' ಎಂದ ಮೇಲೆ ಮಣಿಕಟ್ಟನ್ನು ಮೇಲೆ ಕೆಳಗೆ ಬಾಗಿಸುವುದು, ಅಂಗೈಯನ್ನು ಮೇಲಕ್ಕೂ ಕೆಳಕ್ಕೂ ತಿರುಗಿಸುವುದು, ಉಗುರುಬೆಚ್ಚಗಿನ ನೀರಿನಲ್ಲಿ ಒದ್ದೆ ಬಟ್ಟೆ ಹಿಂಡುವುದು. ದಿನಕ್ಕೊಮ್ಮೆ ತುಂಬಾ ಹೊತ್ತು ಮಾಡುವ ಬದಲು ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಮಾಡಿದರೆ ಒಳ್ಳೆಯದು. ಸ್ವಲ್ಪ ಎಳೆತ, ನೋವು ಸಹಜ. ಬಾವು ಹೆಚ್ಚಿದರೆ ನಿಲ್ಲಿಸಿ ಕೇಳಬೇಕು. ಎಷ್ಟು, ಹೇಗೆ ಎಂಬುದನ್ನು ಫಿಸಿಯೋಥೆರಪಿಸ್ಟರಿಂದಲೇ ಕಲಿತು, ಮನೆಯಲ್ಲಿ ತಪ್ಪದೆ ಮಾಡಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿದರೆ ಕಡಿಮೆ ಖರ್ಚಿನಲ್ಲಿ ಈ ಚಿಕಿತ್ಸೆ ಸಿಗಬಹುದು.

ಬೀಳದಂತೆ ಏನು ಮಾಡೋಣ?

ಗೋಡೆ ಹಿಡಿದು ಒಂದು ಕಾಲಿನಲ್ಲಿ ಹತ್ತು ಎಣಿಸುವವರೆಗೆ ನಿಲ್ಲುವುದು, ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳುವುದು, ಇವು ಕಾಲಿಗೆ ಬಲ, ಮೈಗೆ ಹಿಡಿತ ಕೊಡುತ್ತವೆ. ರಾಗಿ, ಹಾಲು, ಎಳ್ಳು, ಮುಳ್ಳು ಸಮೇತ ತಿನ್ನುವ ಸಣ್ಣ ಮೀನು ಎಲುಬಿಗೆ ಒಳ್ಳೆಯದು. ಓಡಾಡುವ ದಾರಿಯ ಪಾಚಿ ಉಜ್ಜಿ ತೆಗೆಯೋಣ, ಅಡಿಕೆ ದಬ್ಬೆ ಹಾಸೋಣ.

ಸೆಪ್ಟೆಂಬರ್ 8 ವಿಶ್ವ ಫಿಸಿಯೋಥೆರಪಿ ದಿನ. ಆ ತಿಂಗಳ ಸಭೆಯಲ್ಲಿ ಈ ವ್ಯಾಯಾಮಗಳನ್ನು ಎಲ್ಲರೂ ಸೇರಿ ಮಾಡಿ ನೋಡಬಹುದು.

ಸಭೆಯಲ್ಲಿ ಚರ್ಚಿಸೋಣ

1. ನಮ್ಮ ಸಂಘದಲ್ಲಿ ಬಿದ್ದು ಕೈಕಾಲು ಮುರಿದವರು ಯಾರಿದ್ದಾರೆ? ಅವರು ಈಗ ಮೊದಲಿನಂತೆ ಕೆಲಸ ಮಾಡುತ್ತಾರೆಯೇ?
2. ಚಿಕಿತ್ಸೆಗೆ ಹೋಗಿಬರುವ ಬಸ್ ಖರ್ಚಿಗೆ ಉಳಿತಾಯದಿಂದ ಸಣ್ಣ ಸಾಲ ಕೊಡಬಹುದೇ?
3. ಸದಸ್ಯೆಯೊಬ್ಬರ ಕೈ ಗುಣವಾಗುವ ತನಕ ಅವರ ಮನೆಯ ನೀರು ಸೇದಿ ಕೊಡುವವರು ಯಾರು?