ರಸ್ತೆಯ ಹಕ್ಕು ಮತ್ತು ನಮ್ಮ ವಾಹನಗಳು

ಮದ್ರಸಗಳ ಫಿಕ್ಹ್ ತರಗತಿಯಲ್ಲಿ 'ಪ್ರಮಾದದಿಂದಾದ ಕೊಲೆ' ಎಂಬ ಅಧ್ಯಾಯ ಬಂದಾಗ ವಿದ್ಯಾರ್ಥಿಗಳು ಅದನ್ನು ಹಳೆಯ ಕಾಲದ ವಿಷಯವೆಂದು ಭಾವಿಸಿ ಬೇಗ ಪುಟ ಮಗುಚಲು ನೋಡುತ್ತಾರೆ. ಬೇಟೆಗಾರನು ಪ್ರಾಣಿಗೆಂದು ಬಿಟ್ಟ ಬಾಣವು ಮನುಷ್ಯನಿಗೆ ತಗುಲಿದರೆ ಏನು ವಿಧಿ ಎಂಬುದು ಅಲ್ಲಿ ಬರುವ ಉದಾಹರಣೆ. ಇಂದು ಯಾರ ಮನೆಯಲ್ಲಿ ಬಿಲ್ಲು ಬಾಣಗಳಿವೆ? ಆದರೆ ಬೈಕು, ಸ್ಕೂಟರು, ಕಾರುಗಳಿವೆ. ಆ ಅಧ್ಯಾಯವು ಬಿಲ್ಲುಗಾರನಿಗಿಂತ ಹೆಚ್ಚಾಗಿ ನಮಗೇ ಸಂಬಂಧಿಸಿದ್ದೆಂದು ಎಷ್ಟು ಮಂದಿಗೆ ಗೊತ್ತು?

2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ತಿಳಿಸುತ್ತದೆ. ದಿನವೊಂದಕ್ಕೆ 460ಕ್ಕೂ ಹೆಚ್ಚು ಜನ. ಹತ್ತರಲ್ಲಿ ಏಳು ಸಾವುಗಳಿಗೆ ಅತಿವೇಗವೇ ಕಾರಣವೆಂದು ಅದೇ ವರದಿಯಲ್ಲಿದೆ. ಹೆಲ್ಮೆಟ್ ಧರಿಸದೆ ಸತ್ತ ಸವಾರರು ಮತ್ತು ಹಿಂಬದಿ ಸವಾರರು ಸುಮಾರು 50 ಸಾವಿರ. ಇಷ್ಟೊಂದು ಮಯ್ಯಿತ್ತುಗಳ ಬಗ್ಗೆ ನಾವು ಆಡುವ ಮಾತು ಒಂದೇ: "ಅಲ್ಲಾಹನ ವಿಧಿ, ಆಯುಷ್ಯ ಅಷ್ಟೇ ಇತ್ತು."

ಆಯುಷ್ಯ ಅಲ್ಲಾಹನ ಕೈಯಲ್ಲಿದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ವಿಧಿಯ ಹೆಸರಿನಲ್ಲಿ ನಮ್ಮ ನಿರ್ಲಕ್ಷ್ಯವನ್ನು ಮುಚ್ಚಿಡುವುದು ಬೇರೆಯೇ ವಿಷಯ. ಸಿರಿಯಾದಲ್ಲಿ ಪ್ಲೇಗ್ ಹರಡಿದೆಯೆಂಬ ಸುದ್ದಿ ತಿಳಿದಾಗ ಹಝ್ರತ್ ಉಮರ್(ರ) ದಾರಿಯಿಂದಲೇ ಹಿಂದಿರುಗಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುವಿರಾ ಎಂದು ಅಬೂ ಉಬೈದಾ(ರ) ಕೇಳಿದರು. ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬರ್ಥದ ಉತ್ತರವನ್ನು ಉಮರ್(ರ) ನೀಡಿದರೆಂದು ಬುಖಾರಿಯಲ್ಲಿದೆ. ಹೆಲ್ಮೆಟ್ ಧರಿಸುವುದರಿಂದ ತಲೆಗೆ ಪೆಟ್ಟಾಗುವ ಸಂಭವ ಸುಮಾರು ಮೂರನೆಯ ಎರಡರಷ್ಟು ಕಡಿಮೆಯಾಗುತ್ತದೆಂದು ಸಂಶೋಧನೆಗಳು ತೋರಿಸಿವೆ. ಅದೂ ವಿಧಿಯೊಳಗಿನದೇ ಅಲ್ಲವೇ? ಪೊಲೀಸರು ನಿಂತಿರುವ ವೃತ್ತ ಬಂದಾಗ ಮಾತ್ರ ತಲೆಗೇರುವ ಹೆಲ್ಮೆಟ್ ಉಳಿದ ಹೊತ್ತು ಪೆಟ್ರೋಲ್ ಟ್ಯಾಂಕಿನ ಮೇಲಿರುತ್ತದೆ. ಟ್ಯಾಂಕಿಗೆ ಅದರ ಅಗತ್ಯವಿಲ್ಲ.

"ಇವೆಲ್ಲ ಸರಕಾರದ ಕಾನೂನು, ಶರೀಅತ್‌ನಲ್ಲಿ ಇದಕ್ಕೇನು ಸಂಬಂಧ?" ಎಂದು ಕೆಲವು ಯುವಕರು ಕೇಳುವುದುಂಟು. 1993ರ ಜೂನ್‌ನಲ್ಲಿ ಬ್ರೂನೈಯಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯು ಈ ವಿಷಯವನ್ನೇ ಚರ್ಚಿಸಿತು. ಶರೀಅತ್‌ಗೆ ವಿರುದ್ಧವಲ್ಲದ ಸಂಚಾರ ನಿಯಮಗಳನ್ನು ಪಾಲಿಸುವುದು ಧಾರ್ಮಿಕವಾಗಿಯೂ ಕಡ್ಡಾಯ, ವಾಹನದಿಂದ ಇತರರ ದೇಹಕ್ಕಾಗಲಿ ಸೊತ್ತಿಗಾಗಲಿ ಆಗುವ ಹಾನಿಗೆ ಚಾಲಕನೇ ಹೊಣೆ ಎಂದು ವಿದ್ವಾಂಸರು ತೀರ್ಮಾನಿಸಿದರು. ಇಸ್ಲಾಮೀ ಆಡಳಿತವಿಲ್ಲದ ನಾಡಿನಲ್ಲಿಯೂ ಈ ಮಾತು ಸಡಿಲವಾಗುವುದಿಲ್ಲ. ಲೈಸೆನ್ಸಿನ ಅರ್ಜಿಗೆ ಸಹಿ ಹಾಕುವಾಗ ನಾವು ಒಂದು ಕರಾರಿಗೆ ಒಳಪಡುತ್ತೇವೆ. ಕರಾರುಗಳನ್ನು ಪಾಲಿಸಬೇಕೆಂಬ ಆಜ್ಞೆಯಿಂದಲೇ ಸೂರಃ ಅಲ್ ಮಾಇದಾ ಆರಂಭವಾಗುತ್ತದೆ. (ಪರೀಕ್ಷೆಯನ್ನೇ ಎದುರಿಸದೆ ಲಂಚ ಕೊಟ್ಟು ಪಡೆದ ಲೈಸೆನ್ಸಿನ ಕಥೆ ಬೇರೆ. ಅಲ್ಲಿ ಕೊಟ್ಟವನೂ ಪಡೆದವನೂ ಶಾಪಗ್ರಸ್ತರು.)

ಪ್ರವಾದಿವರ್ಯರ(ಸ) ಕಾಲದಲ್ಲಿ ಮೋಟಾರು ವಾಹನಗಳಿರಲಿಲ್ಲ. ಆದರೆ ಜನನಿಬಿಡ ಜಾಗದಲ್ಲಿ ಅಪಾಯಕಾರಿ ವಸ್ತುವನ್ನು ಒಯ್ಯುವವನ ಹೊಣೆಯನ್ನು ಅವರು ಸ್ಪಷ್ಟವಾಗಿ ಕಲಿಸಿದ್ದಾರೆ. ಬಾಣಗಳನ್ನು ಹಿಡಿದು ಮಸೀದಿಯಲ್ಲೋ ಪೇಟೆಯಲ್ಲೋ ಸಾಗುವವನು ಅವುಗಳ ಮೊನೆಯನ್ನು ಕೈಯಿಂದ ಹಿಡಿದುಕೊಳ್ಳಬೇಕು, ಯಾರಿಗೂ ತಾಗಬಾರದು ಎಂದು ಅಬೂ ಮೂಸಾ(ರ) ವರದಿ ಮಾಡಿದ ಹದೀಸ್‌ನಲ್ಲಿದೆ. ಗಮನಿಸಿ, ಎದುರಿನಿಂದ ಬರುವವರು ಸರಿದು ನಿಲ್ಲಲಿ ಎಂದು ಅವರು ಹೇಳಲಿಲ್ಲ. ಹಾರ್ನ್ ಒತ್ತಿದ ಮಾತ್ರಕ್ಕೆ ರಸ್ತೆ ತನ್ನದಾಯಿತೆಂದು ನಂಬಿರುವವರು ಈ ಹದೀಸನ್ನು ಮತ್ತೊಮ್ಮೆ ಓದಬೇಕು. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಬೈಕು ಒಂದು ಸೆಕೆಂಡಿನಲ್ಲಿ ಹದಿನಾರು ಮೀಟರಿಗೂ ಹೆಚ್ಚು ದೂರ ಸಾಗಿರುತ್ತದೆ. ಮಗುವೊಂದು ಅಡ್ಡ ಬಂದುದನ್ನು ಕಂಡು ಕಾಲು ಬ್ರೇಕಿನ ಮೇಲೆ ಹೋಗುವಷ್ಟರಲ್ಲಿ ಆ ಸೆಕೆಂಡು ಕಳೆದಿರುತ್ತದೆ. 40ರ ವೇಗವನ್ನು 80ಕ್ಕೆ ಏರಿಸಿದರೆ ಹೊಡೆತದ ಶಕ್ತಿ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ.

ವಿದಾಯದ ಹಜ್ಜ್‌ನಲ್ಲಿ ಅರಫಾದಿಂದ ಮರಳುವಾಗ ಜನರು ಒಂಟೆಗಳನ್ನು ಹೊಡೆದು ಓಡಿಸುತ್ತಿದ್ದ ಸದ್ದು ಕೇಳಿ ಪ್ರವಾದಿವರ್ಯರು(ಸ), ಶಾಂತವಾಗಿ ಸಾಗಿರಿ, ಅವಸರದಲ್ಲಿ ಪುಣ್ಯವಿಲ್ಲ ಎಂಬರ್ಥದಲ್ಲಿ ಉಪದೇಶಿಸಿದರು. ಸ್ವತಃ ತಮ್ಮ ಒಂಟೆ ಕಸ್ವಾದ ಮೂಗುದಾರವನ್ನು ಅದರ ತಲೆ ಜೀನಿಗೆ ತಾಗುವಷ್ಟು ಬಿಗಿದು ಹಿಡಿದಿದ್ದರು. ಹಜ್ಜ್‌ನಂತಹ ಮಹಾ ಆರಾಧನೆಯ ನಡುವೆಯೇ ಇದು! ಶುಕ್ರವಾರ ಖುತುಬಾ ಆರಂಭವಾಯಿತೆಂದು ಒನ್‌ವೇಯಲ್ಲಿ ಎದುರು ನುಗ್ಗಿ ಬಂದು, ಮಸೀದಿಯ ಮುಂದಿನ ರಸ್ತೆಗೆ ಅಡ್ಡವಾಗಿ ಕಾರು ನಿಲ್ಲಿಸಿ ಒಳಗೆ ಓಡುವವರು ಯಾವ ಸುನ್ನತನ್ನು ಅನುಸರಿಸುತ್ತಿದ್ದಾರೆ? ನಮಾಝ್‌ಗೂ ಓಡಿ ಬರಬೇಡಿ, ಶಾಂತರಾಗಿ ಬನ್ನಿ, ತಪ್ಪಿದ್ದನ್ನು ಆಮೇಲೆ ಪೂರ್ತಿಗೊಳಿಸಿ ಎಂಬುದು ಪ್ರವಾದಿ(ಸ) ಬೋಧನೆ. ಆ ಅಡ್ಡ ನಿಂತ ಕಾರಿನ ಹಿಂದೆ ಹೆರಿಗೆಗೆ ಹೊರಟ ರಿಕ್ಷಾ ಸಿಕ್ಕಿಕೊಂಡಿರಬಹುದು. ರಸ್ತೆಯಿಂದ ತೊಂದರೆಯ ವಸ್ತುವನ್ನು ಸರಿಸುವುದು ಈಮಾನಿನ ಒಂದು ಶಾಖೆ ಎಂದು ನಾವೇ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ.

ಇನ್ನು ತಂದೆ-ತಾಯಿಯರೊಂದಿಗೆ ಒಂದು ಮಾತು. ಹತ್ತನೆಯ ತರಗತಿ ಪಾಸಾದ ಮಗನಿಗೆ ಬೈಕಿನ ಉಡುಗೊರೆ ಈಗ ಮಾಮೂಲಾಗಿದೆ. ಗಲ್ಫಿನಲ್ಲಿ ದುಡಿಯುವ ತಂದೆ ಫೋನಿನಲ್ಲಿಯೇ ಒಪ್ಪಿಗೆ ಕೊಡುತ್ತಾನೆ. ಮನೆಯಲ್ಲಿ ಬೇರೆ ಗಂಡಸರಿಲ್ಲ, ಪೇಟೆಗೆ ಹೋಗಿ ಬರಲು ಒಬ್ಬ ಬೇಕು ಎಂದು ತಾಯಿ ಹೇಳುತ್ತಾಳೆ. ಆಕೆಯ ಕಷ್ಟ ಸುಳ್ಳಲ್ಲ. ಆದರೆ ಅದೇ ತಂದೆ ಅಲ್ಲಿನ ದಂಡಕ್ಕೆ ಹೆದರಿ ಕೆಂಪು ದೀಪದ ಮುಂದೆ ಅಲುಗಾಡದೆ ನಿಲ್ಲುತ್ತಾನೆ. ಇಲ್ಲಿ ಮಗನಿಗೆ ಹದಿನೆಂಟು ತುಂಬಿದೆಯೇ ಎಂದೂ ಕೇಳುವುದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಲಾದ ಕಲಮಿನ ಪ್ರಕಾರ ಅಪ್ರಾಪ್ತ ಬಾಲಕ ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರು ಅಥವಾ ವಾಹನದ ಮಾಲಕರು ತಪ್ಪಿತಸ್ಥರು. ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ. ವಾಹನದ ನೋಂದಣಿ ಒಂದು ವರ್ಷ ರದ್ದಾಗುತ್ತದೆ, ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಪೋಷಕರ ಸಮ್ಮತಿಯಿಂದಲೇ ಓಡಿಸಿದನೆಂದು ನ್ಯಾಯಾಲಯ ಭಾವಿಸುತ್ತದೆ. ಅಲ್ಲವೆಂದು ಸಾಬೀತುಪಡಿಸುವ ಭಾರ ಅವರದೇ. ಪ್ರತಿಯೊಬ್ಬನೂ ತನ್ನ ಅಧೀನದಲ್ಲಿರುವವರ ಬಗ್ಗೆ ವಿಚಾರಿಸಲ್ಪಡುವನು ಎಂಬ ಹದೀಸನ್ನು ಬಲ್ಲವರಿಗೆ ಈ ಕಾನೂನು ಹೊಸದೆನಿಸಬಾರದು.

ಅಪಘಾತವಾದ ಬಳಿಕ ಓಡಿಹೋಗುವುದು ಎರಡನೆಯ ಪಾಪ. ಗಾಯಾಳುವಿಗೆ ಚಿಕಿತ್ಸೆ ಕೊಡಿಸಲು ಯತ್ನಿಸುವುದು, ಪೊಲೀಸರಿಗೆ ತಿಳಿಸುವುದು ಚಾಲಕನ ಕಾನೂನುಬದ್ಧ ಕರ್ತವ್ಯ. ದಾರಿಹೋಕರಾಗಿ ನೆರವಾಗುವವರು ಕೇಸಿಗೆ ಹೆದರಬೇಕಾಗಿಲ್ಲ. ಸದುದ್ದೇಶದಿಂದ ನೆರವಾದವರಿಗೆ 2019ರ ತಿದ್ದುಪಡಿಯೇ ರಕ್ಷಣೆ ನೀಡಿದೆ.

ಈಗ ಆರಂಭದಲ್ಲಿ ಹೇಳಿದ ಅಧ್ಯಾಯಕ್ಕೆ ಬರೋಣ. ವಾಹನ ಬಡಿದು ಒಬ್ಬರು ಸತ್ತಾಗ ಮನೆಯವರು ವಕೀಲರ ಬಳಿಗೆ ಓಡುತ್ತಾರೆ, ಇನ್ಶೂರೆನ್ಸ್ ಚಾಲ್ತಿಯಲ್ಲಿದೆಯೇ ಎಂದು ಹುಡುಕುತ್ತಾರೆ. ಜಾಮೀನು ಸಿಕ್ಕಿದ ದಿನ ಎಲ್ಲವೂ ಮುಗಿದಂತೆ ನಿಟ್ಟುಸಿರು ಬಿಡುತ್ತಾರೆ. 'ಕಫ್ಫಾರತ್ ಏನು?' ಎಂದು ಕೇಳಿಕೊಂಡು ಆಲಿಮರ ಬಳಿಗೆ ಬರುವವರು ಬಹಳ ವಿರಳ. ಸೂರಃ ಅನ್ನಿಸಾದ 92ನೆಯ ಆಯತ್ ಪ್ರಮಾದದಿಂದ ಸತ್ಯವಿಶ್ವಾಸಿಯನ್ನು ಕೊಂದವನ ಮೇಲೆ ಎರಡು ಹೊಣೆಗಳನ್ನು ಹೊರಿಸುತ್ತದೆ. ಒಂದು, ಮೃತನ ವಾರೀಸುದಾರರಿಗೆ ದಿಯತ್, ಅಂದರೆ ಪ್ರಾಣ ಪರಿಹಾರ. ಅವರು ಮನಃಪೂರ್ವಕ ಬಿಟ್ಟುಕೊಟ್ಟರೆ ಬೇರೆ ಮಾತು. ಎರಡು, ಗುಲಾಮ ವಿಮೋಚನೆ. ಅದು ಸಾಧ್ಯವಾಗದವನು ಎರಡು ತಿಂಗಳು ನಿರಂತರ ಉಪವಾಸ ಆಚರಿಸಬೇಕು. ವಾರೀಸುದಾರರು ಕ್ಷಮಿಸಿದರೂ ಕಫ್ಫಾರತ್ ಮನ್ನಾ ಆಗುವುದಿಲ್ಲ, ಏಕೆಂದರೆ ಅದು ಅಲ್ಲಾಹನ ಹಕ್ಕು. ಒಪ್ಪಂದದಲ್ಲಿರುವ ಜನಾಂಗದವರು ಸತ್ತರೂ ಇದೇ ದಿಯತ್, ಇದೇ ಕಫ್ಫಾರತ್ ಎಂದು ಅದೇ ಆಯತ್ ಹೇಳುತ್ತದೆ. ಬಹುಪಾಲು ವ್ಯಾಖ್ಯಾನಕಾರರು ಇದರಲ್ಲಿ ಮುಸ್ಲಿಮೇತರರನ್ನೂ ಸೇರಿಸಿದ್ದಾರೆ. ಆದುದರಿಂದ ಹೆದ್ದಾರಿಯ ಬದಿಯಲ್ಲಿ ಸೈಕಲ್ ತುಳಿಯುತ್ತಿದ್ದ ಕೂಲಿಕಾರನ ಹೆಸರು ಏನಿತ್ತೆಂಬುದರಿಂದ ನಿಮ್ಮ ಹೊಣೆ ಕಡಿಮೆಯಾಗದು.

ಚಾಲಕನ ತಪ್ಪೇ ಇಲ್ಲದ ಸಂದರ್ಭಗಳೂ ಇವೆ. ತಡೆಯಲಾಗದ ಆಕಸ್ಮಿಕ ಸಂಭವಿಸಿದರೆ ಅಥವಾ ತಪ್ಪು ಪೂರ್ತಿಯಾಗಿ ಮೃತನದೋ ಮೂರನೆಯವನದೋ ಆಗಿದ್ದರೆ ವಿಧಿ ಬದಲಾಗುತ್ತದೆ. ಅದನ್ನು ತಿಳಿಯಲು ಆಲಿಮರ ಮುಂದೆ ನಡೆದುದನ್ನು ನಡೆದಂತೆಯೇ ಹೇಳಬೇಕು, ವಕೀಲರು ಹೇಳಿಕೊಟ್ಟಂತೆ ಅಲ್ಲ. ವೇಗ ಎಷ್ಟಿತ್ತು, ಫೋನು ಕೈಯಲ್ಲಿತ್ತೇ, ನಿದ್ದೆ ಬಂದಿತ್ತೇ ಎಂಬುದು ಚಾಲಕನಿಗೆ ಮತ್ತು ಅಲ್ಲಾಹನಿಗೆ ಗೊತ್ತಿರುತ್ತದೆ. ಉಪವಾಸವನ್ನು ಮಧ್ಯದಲ್ಲಿ ರಮಝಾನ್ ಅಥವಾ ಬಕ್ರೀದ್ ಬಾರದಂತೆ ಲೆಕ್ಕ ಹಾಕಿ ಆರಂಭಿಸಬೇಕು. ಸಕಾರಣವಿಲ್ಲದೆ ಒಂದು ದಿನ ಬಿಟ್ಟರೂ ಮೊದಲಿನಿಂದ ಎಣಿಸಬೇಕು. ಬಡವರಿಗೆ ಉಣಿಸಿ ಮುಗಿಸುವ ಪ್ರಸ್ತಾಪ ಈ ಆಯತ್‌ನಲ್ಲಿಲ್ಲ. ಒಂದೇ ಅಪಘಾತದಲ್ಲಿ ಇಬ್ಬರು ಸತ್ತಿದ್ದರೆ ನಾಲ್ಕು ತಿಂಗಳು.